ಸೂರ್ಯಕಾಂತಿ ಬೀಜ ಬಿಟ್ಟು ಬೇರೆ ಮುಟ್ಟದ ಗಿಳಿಗೆ ನವಣೆ, ಸೊಪ್ಪು ರೂಢಿಸುವ ಬಗೆ



ನಮ್ಮ ಈ ಪುಟದಲ್ಲಿ ಸಾಮಾನ್ಯವಾಗಿ ಸಭೆ ಸಮಾರಂಭದ ಸೂಚನೆ, ಮಕ್ಕಳ ಪರೀಕ್ಷೆಯ ಅಂಕ, ಹಿರಿಯರ ನಿಧನ ವಾರ್ತೆ ಇವೇ ಬರುತ್ತವೆ. ಈ ಸಲ ಗಿಳಿಯ ಊಟದ ಬಗ್ಗೆ ಬರೆಯುತ್ತಿದ್ದೇವೆ. ಝರಾಸಂಗಂ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಸದಸ್ಯರ ಮನೆಗಳಲ್ಲಿ ಈಚೆಗೆ ಪಂಜರದ ಹಕ್ಕಿಗಳು ಹೆಚ್ಚಾಗಿವೆ. ಮಕ್ಕಳು ಹೈದರಾಬಾದಿಗೋ ಪುಣೆಗೋ ನೌಕರಿಗೆ ಹೋಗುತ್ತಾರೆ. ಮನೆಯಲ್ಲಿ ಉಳಿದ ತಾಯಿ ತಂದೆಗೆ ಜೊತೆ ಇರಲಿ ಎಂದು ಒಂದು ಹಕ್ಕಿ, ಒಂದು ಪಂಜರ, ಒಂದು ಚೀಲ ಬೀಜ ತಂದಿಟ್ಟು ಹೋಗುತ್ತಾರೆ. ಆಮೇಲೆ ಸಂಘಕ್ಕೆ ಫೋನು ಬರುತ್ತದೆ: "ಸೂರ್ಯಕಾಂತಿ ಬೀಜ ಒಂದು ಬಿಟ್ಟು ಏನೂ ತಿನ್ನಂಗಿಲ್ರಿ, ಏನ್ ಮಾಡಬೇಕು?"

ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ, ಒಮ್ಮೆ ಬರೆದೇ ಇಡೋಣ ಎಂದು ಕಾರ್ಯಕಾರಿ ಸಮಿತಿಯಲ್ಲಿ ಮಾತಾಯಿತು. ಝರಾಸಂಗಂ ಮಂಡಲದ ಒಂದು ಊರಿನಲ್ಲಿ ನಮ್ಮ ಹಿರಿಯ ಸದಸ್ಯೆಯೊಬ್ಬರಿದ್ದಾರೆ. ಸಂಘದಲ್ಲಿ ಎಲ್ಲರೂ ಅವರನ್ನು ಅವ್ವ ಎಂದೇ ಕರೆಯುತ್ತೇವೆ. ಅವರ ಮನೆಯ ಕಾಕಟೀಲ್ ಹಕ್ಕಿಯ ಊಟ ಬದಲಾಯಿಸಲು ಹನ್ನೊಂದು ವಾರ ಹಿಡಿಯಿತು. ಆ ಹನ್ನೊಂದು ವಾರದ ಲೆಕ್ಕ ನಮ್ಮ ಹತ್ತಿರ ಇದೆ. ಆ ಹಕ್ಕಿಯ ವಿಶೇಷ ಏನೆಂದರೆ, ಮನೆಗೆ ಯಾರೇ ಬರಲಿ "ಊಟ ಆತೇನ್?" ಎಂದು ಕೇಳುತ್ತದೆ. ತಾನು ಮಾತ್ರ ನಾಲ್ಕು ವರ್ಷ ಒಂದೇ ಬೀಜ ತಿಂದು ಕುಳಿತಿತ್ತು. (ನಮ್ಮಲ್ಲಿ ಕೆಲವರ ಮೊಮ್ಮಕ್ಕಳಿಗಿಂತ ಅದರ ಕನ್ನಡ ಸ್ಪಷ್ಟ ಎಂದು ಸಭೆಯಲ್ಲಿ ನಗೆಯಾಡಿದ್ದುಂಟು.)

ಮೊದಲು ಕಾನೂನಿನ ಮಾತು. ಇದನ್ನು ಕೊನೆಗೆ ಇಟ್ಟರೆ ಯಾರೂ ಓದುವುದಿಲ್ಲ. ನಮ್ಮ ಹೊಲದಲ್ಲಿ, ಗುಡಿಯ ಮರದಲ್ಲಿ ಕಾಣುವ ಹಸಿರು ಗಿಳಿ, ಕೊರಳಿಗೆ ಗುಲಾಬಿ ಪಟ್ಟಿ ಇರುವುದು, ಅದಕ್ಕಿಂತ ದೊಡ್ಡದಾಗಿ ರೆಕ್ಕೆಯ ಮೇಲೆ ಕೆಂಪು ಮಚ್ಚೆ ಇರುವುದು, ಇವೆಲ್ಲ ಈ ನೆಲದ ಕಾಡು ಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಅಪರಾಧ. 2022ರ ತಿದ್ದುಪಡಿಯ ನಂತರ 3 ವರ್ಷದವರೆಗೆ ಸಜೆ ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. "ನಮ್ಮ ಮುತ್ಯಾನ ಕಾಲದಿಂದ ಮಿಟ್ಟು ಸಾಕೀವಿ" ಎನ್ನುವುದು ಉತ್ತರವಾಗುವುದಿಲ್ಲ. ಅಂಥ ಗಿಳಿ ಈಗಾಗಲೇ ಮನೆಯಲ್ಲಿದ್ದರೆ, ಈ ಲೇಖನ ಓದಿ ಇವತ್ತು ಸಂಜೆಯೇ ಪಂಜರದ ಬಾಗಿಲು ತೆಗೆದು ಹಾರಿಸಿಬಿಡಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿಗೆ ಹಾರಲು ಬಲ ಇರುವುದಿಲ್ಲ, ಮೇವು ಹುಡುಕಲು ಬರುವುದಿಲ್ಲ. ಒಂದೆರಡು ದಿನದಲ್ಲಿ ಬೆಕ್ಕಿಗೋ ಕಾಗೆಗೋ ತುತ್ತಾಗುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ.

ಹಾಗಾದರೆ ಸಾಕಬಹುದಾದದ್ದು ಯಾವುದು? ಆಸ್ಟ್ರೇಲಿಯಾ ಮೂಲದ ಬಜರಿಗರ್, ಕಾಕಟೀಲ್, ಆಫ್ರಿಕಾ ಮೂಲದ ಲವ್ ಬರ್ಡ್ ಇತ್ಯಾದಿ. ನಮ್ಮ ಕಡೆ ಅಂಗಡಿಯಲ್ಲಿ 'ಲವ್ ಬರ್ಡ್ಸ್' ಎಂದು ಜೋಡಿ ಲೆಕ್ಕದಲ್ಲಿ ಮಾರುವ ಸಣ್ಣ ಹಸಿರು, ನೀಲಿ, ಹಳದಿ ಹಕ್ಕಿಗಳಲ್ಲಿ ಹೆಚ್ಚಿನವು ನಿಜವಾಗಿ ಬಜರಿಗರ್‌ಗಳು. ಇವೆಲ್ಲ ಗಿಳಿ ಕುಲದವೇ. ಆಫ್ರಿಕನ್ ಗ್ರೇ, ಮಕಾವ್‌ನಂಥ ದುಬಾರಿ ಹಕ್ಕಿ ತರುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಕಾಗದಪತ್ರ ಭದ್ರವಾಗಿ ಇಟ್ಟುಕೊಳ್ಳಬೇಕು.

ಇನ್ನು ವಿಷಯಕ್ಕೆ ಬರೋಣ. ಗಿಳಿ ಹಟಮಾರಿ, ನಾಲಿಗೆ ಚಪಲ, ಮುದ್ದು ಮಾಡಿ ಕೆಡಿಸಿದ್ದೀರಿ ಎಂದು ಎಲ್ಲರೂ ಅವ್ವನವರಿಗೆ ಹೇಳಿದರು. ನಾವು ಇದನ್ನು ಒಪ್ಪುವುದಿಲ್ಲ. ಗಿಳಿಯ ಮರಿಗೆ ಯಾವುದು ಆಹಾರ ಯಾವುದು ಅಲ್ಲ ಎಂಬುದು ಹುಟ್ಟಿನಿಂದ ಬರುವ ವಿದ್ಯೆ ಅಲ್ಲ. ತಾಯಿ ತಂದೆ ಏನು ತಿನ್ನುತ್ತವೆ, ಗುಂಪಿನ ಉಳಿದ ಹಕ್ಕಿಗಳು ಎಲ್ಲಿ ಇಳಿದು ಯಾವುದಕ್ಕೆ ಕೊಕ್ಕು ಹಾಕುತ್ತವೆ ಎಂಬುದನ್ನು ನೋಡಿ ಕಲಿಯುತ್ತದೆ. ಮಾರಾಟಕ್ಕೆ ಬೆಳೆಸಿದ ಮರಿ ಕಣ್ಣು ಬಿಟ್ಟಾಗಿನಿಂದ ಒಂದು ತಟ್ಟೆ, ಒಂದು ಬೀಜ ನೋಡಿರುತ್ತದೆ. ಅದರ ಲೆಕ್ಕದಲ್ಲಿ ಗಜ್ಜರಿ ತುಂಡು ಎಂದರೆ ಕೆಂಪು ಬಣ್ಣದ ಒಂದು ಅಪಾಯ. ಕಾಡಿನಲ್ಲಿ ಗೊತ್ತಿಲ್ಲದ್ದನ್ನು ತಿನ್ನದೆ ಇರುವುದೇ ಬದುಕುವ ಉಪಾಯ. ಅದೇ ಗುಣ ಪಂಜರದಲ್ಲಿ ಮುಳುವಾಗುತ್ತದೆ. ಆದ್ದರಿಂದ ನಾವು ಮಾಡಬೇಕಾದದ್ದು ಹಟ ಮುರಿಯುವ ಕೆಲಸ ಅಲ್ಲ, ಪರಿಚಯ ಮಾಡಿಸುವ ಕೆಲಸ.

ಹೊಲದ ಗಿಳಿಯನ್ನು ನೋಡಿ. ಜೋಳ ಹಾಲುಗಾಳು ಕಟ್ಟುವಾಗ ಅಟ್ಟಣೆ ಹತ್ತಿ ಕವಣೆ ಬೀಸಿದವರು ನಮ್ಮಲ್ಲಿ ಇನ್ನೂ ಬಹಳ ಜನ ಇದ್ದಾರೆ, ಅವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಜೋಳದ ತೆನೆ, ಆಮೇಲೆ ಪೇರಲ, ಬಾರೆಹಣ್ಣು, ಬೇವಿನ ಹಣ್ಣು, ಹಸಿ ತೊಗರಿ ಕಾಯಿ, ಹುಣಸೆ, ಬೇಸಿಗೆ ಬಂದರೆ ಮುತ್ತುಗದ ಹೂವು, ಬೂರುಗದ ಹೂವಿನ ರಸ. ಹೌದು, ಕುಸುಬೆ, ಸೂರ್ಯಕಾಂತಿ ಹೊಲಕ್ಕೂ ಇಳಿಯುತ್ತವೆ. ಆದರೆ ಅಲ್ಲಿಗೆ ಹೋಗಿ ಬರಲು ಮೈಲಿಗಟ್ಟಲೆ ಹಾರುತ್ತವೆ. ಅದೇ ಬೀಜವನ್ನು ಎರಡು ಅಡಿ ಪಂಜರದಲ್ಲಿ ಕುಳಿತು ದಿನವಿಡೀ ತಿಂದರೆ ಏನಾಗಬೇಕು?

ಸೂರ್ಯಕಾಂತಿ ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆ. ನವಣೆಯಲ್ಲಿ 100 ಗ್ರಾಂಗೆ ಸುಮಾರು 4 ಗ್ರಾಂ ಕೊಬ್ಬು, 12 ಗ್ರಾಂ ಪ್ರೋಟೀನು. ಬರೀ ಎಣ್ಣೆಬೀಜ ತಿಂದ ಹಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ಕೂಡುತ್ತದೆ, ಕೊಕ್ಕು ವಿಪರೀತ ಬೆಳೆಯುತ್ತದೆ, ಸ್ವಲ್ಪ ಹಾರಿದರೆ ಏದುಸಿರು. ಅದಕ್ಕಿಂತ ಮೋಸದ್ದು ಎಂದರೆ ಕಾಣದ ಕೊರತೆ. ಒಣ ಬೀಜದಲ್ಲಿ ಎ ಜೀವಸತ್ವ ಇಲ್ಲ ಎನ್ನುವಷ್ಟು ಕಡಿಮೆ, ಸುಣ್ಣದ ಅಂಶವೂ ಕಡಿಮೆ. ಎ ಜೀವಸತ್ವ ಕಡಿಮೆಯಾದರೆ ಮೂಗು, ಗಂಟಲಿನ ಒಳಪದರ ಹಾಳಾಗಿ ಸೀನು, ಕಣ್ಣು ಊದುವುದು, ಬಾಯಲ್ಲಿ ಬಿಳಿ ಕಲೆ. ಸುಣ್ಣ ಕಡಿಮೆಯಾದರೆ ಹೆಣ್ಣು ಹಕ್ಕಿಗೆ ಮೊಟ್ಟೆ ಹೊರಬಾರದೆ ಪ್ರಾಣಕ್ಕೇ ಬರುತ್ತದೆ. ಬಜರಿಗರ್‌ಗೆ ಅಯೋಡಿನ್ ಕೊರತೆಯಿಂದ ಕೊರಳ ಗ್ರಂಥಿ ಊದುವುದೂ ಇದೆ. ಗಮನಿಸಿ, ನವಣೆಗೆ ಬದಲಾಯಿಸಿದರೆ ಕೊಬ್ಬಿನ ತೊಂದರೆ ನೀಗುತ್ತದೆ, ಈ ಕೊರತೆ ನೀಗುವುದಿಲ್ಲ. ಅದಕ್ಕೆ ಸೊಪ್ಪು ತರಕಾರಿ ಬೇಕೇ ಬೇಕು. ಕಾಕಟೀಲ್ ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುತ್ತದೆ. ಬೀಜದ ಮೇಲೆ ಬಿಟ್ಟರೆ ಐದಾರು ವರ್ಷಕ್ಕೇ ಮುಗಿಯುವುದನ್ನು ನೋಡಿದ್ದೇವೆ. ಅವ್ವನವರ ಹಕ್ಕಿಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ಎದ್ದರೆ ಮನೆಯಲ್ಲಿ ಅವರನ್ನು ಮಾತಾಡಿಸುವ ಜೀವ ಅದೊಂದೇ.

ಮೊದಲ ಕೆಲಸ ತೂಕ. ಊಟದಲ್ಲಿ ಏನನ್ನೂ ಮುಟ್ಟುವ ಮೊದಲು ಒಂದು ವಾರ ಬರೀ ತೂಕ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದೊಂದು ಗ್ರಾಂ ತೋರಿಸುವಂಥದ್ದು ಸಾಕು. ಸಣ್ಣ ಡಬ್ಬಿಯಲ್ಲಿ ಹಕ್ಕಿಯನ್ನು ಕೂರಿಸಿ, ಡಬ್ಬಿಯ ತೂಕ ಕಳೆದರಾಯಿತು. ಬೆಳಿಗ್ಗೆ, ಊಟಕ್ಕೆ ಮೊದಲು, ದಿನವೂ ಅದೇ ಹೊತ್ತು. ಬಜರಿಗರ್ 30-40 ಗ್ರಾಂ, ಕಾಕಟೀಲ್ 80ರಿಂದ 120 ಗ್ರಾಂ. ಇಷ್ಟು ಸಣ್ಣ ಜೀವದಲ್ಲಿ ನಾಲ್ಕು ಗ್ರಾಂ ಎಂದರೆ ಸಣ್ಣ ಮಾತಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ. ಗರಿ ಉಬ್ಬಿಸಿ ಕುಳಿತರೆ ಹಕ್ಕಿ ದಪ್ಪಗೇ ಕಾಣುತ್ತದೆ. ನಾವು ಹಳೆಯ ಗುಮಾಸ್ತರು, ನಮಗೆ ರಿಜಿಸ್ಟರ್ ಇಲ್ಲದೆ ಕೆಲಸ ಸಾಗುವುದಿಲ್ಲ. ಅವ್ವನವರಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೀಟು ಹಾಕಿ ಕೊಟ್ಟೆವು: ತಾರೀಖು, ತೂಕ, ಏನು ಕೊಟ್ಟದ್ದು, ಏನು ತಿಂದದ್ದು, ಹಿಕ್ಕೆ ಹೇಗಿದೆ. ಮೊದಲ ದಿನದ ನಮೂದು 116 ಗ್ರಾಂ. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 104 ಎಂದು ಬರೆದಿಟ್ಟೆವು. ಅಂದರೆ ಶೇಕಡ 10ರಷ್ಟು ಇಳಿದರೆ ಎಲ್ಲ ನಿಲ್ಲಿಸಿ ಹಳೆಯ ಊಟಕ್ಕೆ ಹೋಗಬೇಕು, ಡಾಕ್ಟರರಿಗೆ ತೋರಿಸಬೇಕು.

ಹಿಕ್ಕೆಯ ಕಾಲಂ ಬೇಡ ಎಂದು ಅವ್ವನವರ ಮಗ ಫೋನಿನಲ್ಲಿ ನಕ್ಕರು. ಬೇಕು. ಹಕ್ಕಿ ತಿಂದಂತೆ ನಟಿಸುತ್ತದೆ. ಹೊಸ ಕಾಳನ್ನು ಕೊಕ್ಕಿನಿಂದ ತಿರುವಿ, ಪುಡಿ ಮಾಡಿ, ಕೆಳಗೆ ಬೀಳಿಸಿ ಹೊಟ್ಟೆ ಖಾಲಿ ಇಟ್ಟುಕೊಂಡಿರುತ್ತದೆ. ಹಿಕ್ಕೆ ಎಣಿಕೆಯಲ್ಲಿ ಕಡಿಮೆಯಾದರೆ, ಕಪ್ಪಗೆ ಅಂಟಂಟಾದರೆ ಅದು ತಿನ್ನುತ್ತಿಲ್ಲ ಎಂದೇ ಅರ್ಥ.

ಇನ್ನೊಂದು ಮೋಸ ತಟ್ಟೆಯದು. ಗಿಳಿ ಕಾಳನ್ನು ಸುಲಿದು ಹೊಟ್ಟನ್ನು ತಟ್ಟೆಯಲ್ಲೇ ಬಿಡುತ್ತದೆ. ಮೇಲಿಂದ ನೋಡಿದರೆ ತಟ್ಟೆ ತುಂಬ ಕಾಳಿದ್ದಂತೆ ಕಾಣುತ್ತದೆ, ಊದಿದರೆ ಎಲ್ಲ ಹಾರಿ ಹೋಗಿ ತಳ ಕಾಣುತ್ತದೆ. ತಟ್ಟೆ ತುಂಬಿದೆ ಎಂದುಕೊಂಡು ಎರಡು ದಿನ ಊರಿಗೆ ಹೋಗಿ ಬಂದು ಹಕ್ಕಿ ಸತ್ತದ್ದನ್ನು ಕಂಡವರಿದ್ದಾರೆ. ಹಸಿವಾದರೆ ತಾನೇ ತಿನ್ನುತ್ತದೆ ಎಂದು ಉಪವಾಸ ಕೆಡವುವುದನ್ನು ಕೆಲವರು ಸಲಹೆ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ನಾಯಿಗೆ ನಡೆಯಬಹುದು, 35 ಗ್ರಾಂನ ಹಕ್ಕಿಗೆ ಒಂದು ದಿನದ ಉಪವಾಸವೇ ಅಪಾಯ.

ಕಾಳಿನ ವಿಚಾರದಲ್ಲಿ ನಾವು ಪುಣ್ಯವಂತರು. ಪಟ್ಟಣದವರು 'ಮಿಲೆಟ್ ಸ್ಪ್ರೇ' ಎಂದು ಪ್ಯಾಕೆಟ್ಟಿನಲ್ಲಿ ದುಬಾರಿ ಬೆಲೆಗೆ ತರಿಸುವುದು ಬೇರೇನೂ ಅಲ್ಲ, ಒಣಗಿದ ನವಣೆ ತೆನೆ. ನಮ್ಮ ಪಸ್ತಾಪುರ, ಮಾಚನೂರು ಸುತ್ತಿನ ಹೊಲಗಳಲ್ಲಿ ಅದು ಜೋಳ, ಸಜ್ಜೆ, ತೊಗರಿಗಳ ಜೊತೆ ಅಕ್ಕಡಿಯಾಗಿ ಬೆಳೆಯುತ್ತದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಈ ಕಾಳುಗಳ ಬೀಜ ಉಳಿಸಿಕೊಂಡು ಬಂದದ್ದು ಈಗ ಎಲ್ಲರಿಗೂ ಗೊತ್ತು. 2019ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2008ರಲ್ಲಿ ಮಾಚನೂರಿನಲ್ಲಿ ಶುರುವಾದ ಅವರ ಸಂಘಂ ರೇಡಿಯೋ ಕೇಳದವರು ನಮ್ಮ ಮಂಡಲದಲ್ಲಿ ಕಡಿಮೆ. ಮನುಷ್ಯರ ತಟ್ಟೆಗೆ ನವಣೆ ಮರಳಿ ಬರಲಿ ಎಂದು 2023ನ್ನು ಸಿರಿಧಾನ್ಯ ವರ್ಷ ಎಂದು ಜಗತ್ತೇ ಆಚರಿಸಿತು. ಹಕ್ಕಿಯ ತಟ್ಟೆಗೂ ಬರಲಿ.

ಅಂಗಡಿಯಲ್ಲಿ ಕೇಳುವಾಗ ಹೆಸರಿನ ಪಜೀತಿ ಇದೆ. ನಾವು ನವಣೆ ಎನ್ನುತ್ತೇವೆ, ತೆಲುಗಿನವರಿಗೆ ಕೊರ್ರಲು, ಹಕ್ಕಿ ಮೇವು ಮಾರುವವರಿಗೆ ಕಂಗನಿ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಒಂದು ಕಾಳಿಗೆ ಮೂರು ಹೆಸರು ನಮಗೆ ಹೊಸದಲ್ಲ. ಆದರೆ ಎರಡು ಎಚ್ಚರ. ಅಡುಗೆಗೆಂದು ಮಾರುವ ನವಣೆ ಅಕ್ಕಿ ಬೇಡ, ಹೊಟ್ಟು ಸಮೇತ ಇರುವ ಕಾಳು ಬೇಕು. ಸುಲಿಯುವುದೇ ಹಕ್ಕಿಗೆ ಕೆಲಸ, ಕಾಲಕ್ಷೇಪ. ಎರಡನೆಯದು ಇದಕ್ಕಿಂತ ದೊಡ್ಡದು: ಬಿತ್ತನೆ ಬೀಜದ ಅಂಗಡಿಯಿಂದ ತಂದದ್ದನ್ನು ಎಂದೂ ಹಾಕಬೇಡಿ. ಗುಲಾಬಿ, ಕೆಂಪು, ಹಸಿರು ಬಣ್ಣ ಹತ್ತಿದ ಬೀಜಕ್ಕೆ ಶಿಲೀಂಧ್ರನಾಶಕ ಸವರಿರುತ್ತಾರೆ. ಅದು ವಿಷ.

ಅವ್ವನವರ ಹಕ್ಕಿಯ ಎರಡನೆಯ ವಾರ ಸೂರ್ಯಕಾಂತಿಯ ಜೊತೆಗೆ ಕಾಲು ಭಾಗ ನವಣೆ, ಸಜ್ಜೆ ಬೆರೆಸಿ ಇಟ್ಟರು. ಹಕ್ಕಿ ಸೂರ್ಯಕಾಂತಿ ಆರಿಸಿ ತಿಂದು ಉಳಿದದ್ದನ್ನು ಮನೆ ತುಂಬ ಚೆಲ್ಲಿತು. ಬೆರೆಸುವುದು ಫಲ ಕೊಡಲಿಲ್ಲ. ಆಗ ನವಣೆ ತೆನೆಯನ್ನು ಇಡಿಯಾಗಿ ಪಂಜರದ ಮೇಲಿನ ಕೋಲಿಗೆ ಕಟ್ಟಿದರು. ಎರಡು ದಿನ ಹಕ್ಕಿ ಅದರಿಂದ ದೂರ ಕುಳಿತಿತ್ತು. ಮೂರನೆಯ ದಿನ ಜಗ್ಗಿತು, ನಾಲ್ಕನೆಯ ದಿನ ಕಾಳು ಉದುರಿಸಿತು, ಆರನೆಯ ದಿನ ಸುಲಿದು ತಿಂದಿತು. ತಟ್ಟೆಯಲ್ಲಿದ್ದಾಗ ಬೇಡವಾದದ್ದೇ ಕಾಳು. ತೆನೆಯಲ್ಲಿದ್ದಾಗ ಅದು ಆಟ, ಆಟದಲ್ಲಿ ಬಾಯಿಗೆ ಬಿದ್ದದ್ದು ಊಟ. ಅದು ಪುಷ್ಯ ಮಾಸದ ಹೊತ್ತು, ಸೀತನಿ ಕಾಲ. ಔಷಧ ಹೊಡೆಯದ ಹೊಲದಿಂದ ಹಸಿ ಜೋಳದ ತೆನೆ ತಂದು ತೊಳೆದು ಕಟ್ಟಿದರು. ಅದಕ್ಕೆ ಎರಡು ದಿನವೂ ಬೇಕಾಗಲಿಲ್ಲ.

ತೆನೆ ತಿನ್ನಲು ಕಲಿತ ಮೇಲೆ ತಟ್ಟೆಯ ಲೆಕ್ಕ ಬದಲಾಯಿತು. ತಟ್ಟೆಯಲ್ಲಿ ದಿನವಿಡೀ ಸಣ್ಣ ಕಾಳು, ದಿನಕ್ಕೆ ಎರಡು ಚಮಚದ ಆಸುಪಾಸು. ಸೂರ್ಯಕಾಂತಿ ತಟ್ಟೆಯಿಂದ ಹೊರಗೆ. ಸಂಜೆ ಅವ್ವನವರ ಕೈಯಿಂದ ಮಾತ್ರ, ಎಣಿಸಿ. ಮೊದಲು 20, ವಾರಕ್ಕೊಮ್ಮೆ ನಾಲ್ಕೈದು ಕಡಿಮೆ. ಸೂರ್ಯಕಾಂತಿ ವಿಷ ಅಲ್ಲ, ಪೂರ್ತಿ ಬಿಡಿಸುವ ಅಗತ್ಯ ಇಲ್ಲ. ನವಣೆ ಸಂಬಳ ಆಗಬೇಕು, ಸೂರ್ಯಕಾಂತಿ ಬೋನಸ್ ಆಗಬೇಕು, ಅಷ್ಟೇ. ಕುಸುಬೆ, ಶೇಂಗಾ ಕೂಡ ಇದೇ ಬೋನಸ್ ಲೆಕ್ಕದಲ್ಲೇ ಬರುತ್ತವೆ. ಶೇಂಗಾದಲ್ಲಿ ಇನ್ನೊಂದು ಭಯ, ತೇವ ಹಿಡಿದು ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ. ಸಿಪ್ಪೆಯೊಳಗೆ ಏನಿದೆ ಎಂದು ಕಾಣದ ಕಾಯಿ ಕೊಡದಿರುವುದೇ ಒಳ್ಳೆಯದು.

ಕಾಳಿನ ಅಧ್ಯಾಯ ಮುಗಿಯಿತು, ಸೊಪ್ಪಿನದು ಉಳಿಯಿತು. ಕಷ್ಟವಾದದ್ದು ಇಲ್ಲೇ.

ಇದಕ್ಕೆ ಸೇತುವೆ ಎಂದರೆ ನೆನೆಸಿದ ಕಾಳು. ನವಣೆ, ಜೋಳ, ಹೆಸರು ರಾತ್ರಿ ನೆನೆಹಾಕಿ, ಬೆಳಿಗ್ಗೆ ಮೂರು ನಾಲ್ಕು ಸಲ ತೊಳೆದು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಮೂಗು ತೋರಿಸಿದಾಗ ಕೊಡಬೇಕು. ಮೂಗಿಗೆ ಹುಳಿ ವಾಸನೆ ಬಂದರೆ ಎಸೆಯಿರಿ, ಯೋಚನೆ ಬೇಡ. ಒದ್ದೆ ಕಾಳಿಗೆ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ತುರಿದ ಗಜ್ಜರಿ ಅಂಟಿಕೊಳ್ಳುತ್ತದೆ. ಕಾಳು ತಿನ್ನಲು ಹೋದಾಗ ಅದೂ ಸ್ವಲ್ಪ ನಾಲಿಗೆಗೆ ತಾಗುತ್ತದೆ. ಹಕ್ಕಿ ಮೊದಲು ಕೊಕ್ಕನ್ನು ಕೋಲಿಗೆ ಒರೆಸಿ ಒರೆಸಿ ಅಸಹ್ಯ ತೋರಿಸಿತು. ಮೂರು ವಾರ ಹೀಗೇ ನಡೆಯಿತು. ರಿಜಿಸ್ಟರಿನಲ್ಲಿ 'ಏನು ತಿಂದದ್ದು' ಎಂಬ ಕಾಲಮ್ಮಿನಲ್ಲಿ ಅವ್ವನವರು ದಿನವೂ 'ಒರೆಸಿತು', 'ಒರೆಸಿತು' ಎಂದು ಬರೆದಿದ್ದಾರೆ. ಆದರೂ ದಿನವೂ ಇಟ್ಟರು. ಹೊಸ ತಿನಿಸನ್ನು ಎರಡು ದಿನ ಇಟ್ಟು 'ಒಲ್ಲದು' ಎಂದು ಬಿಟ್ಟುಬಿಡುವುದೇ ಹೆಚ್ಚಿನ ಮನೆಗಳಲ್ಲಿ ಆಗುವುದು. ಗಿಳಿಗೆ ಒಂದು ವಸ್ತು ನಿರಪಾಯ ಎಂದು ನಂಬಿಕೆ ಬರಲು ಹತ್ತಿಪ್ಪತ್ತು ಸಲ ಕಣ್ಣಿಗೆ ಬೀಳಬೇಕು.

ಕಾಡಿನಲ್ಲಾಗಲಿ ಮನೆಯಲ್ಲಾಗಲಿ ಗಿಳಿ ಬೆಳಗಿನ ಜಾವ ಮತ್ತು ಸಂಜೆಗೆ ಹೆಚ್ಚು ತಿನ್ನುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲು ಒದ್ದೆ ಊಟ, ಒಂದು ತಾಸಿನ ನಂತರ ಒಣ ಕಾಳು. ನಮ್ಮ ಬೇಸಿಗೆಯಲ್ಲಿ ಒದ್ದೆ ತಿನಿಸು ಎರಡು ತಾಸು ದಾಟಿದರೆ ಹಳಸುತ್ತದೆ, ತೆಗೆದುಬಿಡಿ.

ಐದನೆಯ ವಾರ ತೂಕ 107ಕ್ಕೆ ಇಳಿಯಿತು. ಕೆಂಪು ಶಾಯಿಯ ಗೆರೆಗೆ ಮೂರೇ ಗ್ರಾಂ ಬಾಕಿ. ಅವ್ವನವರು ರಾತ್ರಿ ಒಂಬತ್ತಕ್ಕೆ ಫೋನು ಮಾಡಿ, "ಸಾಕ್ರೀ, ತಿಂದು ಸಾಯೂದಾದ್ರ ಸಾಯ್ಲಿ, ಉಪವಾಸ ಸಾಯೂದು ಬ್ಯಾಡ" ಎಂದು ಅತ್ತರು. ತೂಕದ ಪುಸ್ತಕ ಇರುವುದೇ ಇಂಥ ರಾತ್ರಿಗಾಗಿ. ಗಾಬರಿಯಿಂದ ಎಲ್ಲ ಬಿಡುವುದೂ ಬೇಡ, ಹಟದಿಂದ ಮುಂದುವರಿಯುವುದೂ ಬೇಡ. ಸೂರ್ಯಕಾಂತಿಯನ್ನು ಮತ್ತೆ 15ಕ್ಕೆ ಏರಿಸಿ ಐದು ದಿನ ಅಲ್ಲೇ ನಿಂತರು. ತೂಕ 110ಕ್ಕೆ ಬಂತು. ಆಮೇಲೆ ವಾರಕ್ಕೆ ಎರಡೇ ಬೀಜದಂತೆ ಇಳಿಸಿದರು.

ಕೊನೆಗೆ ಸೊಪ್ಪು ತಿನ್ನಿಸಿದ್ದು ಯಾವ ಉಪಾಯವೂ ಅಲ್ಲ, ಒಟ್ಟಿಗೆ ಕುಳಿತದ್ದು. ಅವ್ವನವರು ಬೆಳಿಗ್ಗೆ ಪಂಜರದ ಹತ್ತಿರವೇ ತಮ್ಮ ತಟ್ಟೆ ಇಟ್ಟುಕೊಂಡು ರೊಟ್ಟಿ ಜೊತೆ ಹಸಿ ಮೆಂತೆ ಸೊಪ್ಪು, ಸವತೆಕಾಯಿ, ಗಜ್ಜರಿ ತಿನ್ನತೊಡಗಿದರು. ನಮ್ಮ ಕಡೆ ಇದು ಹೇಗೂ ವಾಡಿಕೆ. ಹಕ್ಕಿ ಹೊರಗೆ ಬಂದು ಭುಜದ ಮೇಲೆ ಕುಳಿತು ನೋಡುತ್ತಿತ್ತು. ಅದಕ್ಕೆ ಗುಂಪು ಎಂದರೆ ಅವರೇ. ಏಳನೆಯ ವಾರದ ಒಂದು ದಿನ ಅವರ ಬಾಯಿಗೆ ಹೋಗುತ್ತಿದ್ದ ಮೆಂತೆ ಎಲೆಯನ್ನು ಕಿತ್ತುಕೊಂಡಿತು. ಅಂದಿನ ನಮೂದು: 'ಮೆಂತೆ. ನನ್ನದು ಕಸಗೊಂಡು ತಿಂತು.' (ಉಪ್ಪು, ಖಾರ, ಎಣ್ಣೆ ಹಾಕಿದ ನಮ್ಮ ಪಲ್ಯ ಕೊಡಬಾರದು. ಬಾಯಲ್ಲಿಟ್ಟು ಅಗಿದದ್ದನ್ನೂ ಕೊಡಬಾರದು. ನಮ್ಮ ಬಾಯಿಯ ಸೂಕ್ಷ್ಮಾಣು ಅವುಗಳಿಗೆ ಆಗುವುದಿಲ್ಲ.)

ಬಜರಿಗರ್ ಸಾಕಿದವರಿಗೆ ಬೇರೊಂದು ದಾರಿ ಹೇಳುತ್ತೇವೆ. ಕೊತ್ತಂಬರಿ ಕಟ್ಟನ್ನು ನೀರಿನಲ್ಲಿ ಅದ್ದಿ ಹಾಗೇ ಒದ್ದೆಯಾಗಿ ಪಂಜರದ ಎತ್ತರದಲ್ಲಿ ಕಟ್ಟಿ. ಅವು ಒದ್ದೆ ಎಲೆಯಲ್ಲಿ ಮೈ ಉಜ್ಜಿ ಸ್ನಾನ ಮಾಡುತ್ತವೆ. ಸ್ನಾನ ಮಾಡುತ್ತಾ ಎಲೆ ಕಡಿಯುತ್ತವೆ.

ಯಾವ ಸೊಪ್ಪು ಎಂದರೆ, ಮೊದಲ ಮರ್ಯಾದೆ ನುಗ್ಗೆ ಸೊಪ್ಪಿಗೆ. ಎ ಜೀವಸತ್ವ, ಸುಣ್ಣ ಎರಡೂ ಇದೆ, ಹಿತ್ತಲಲ್ಲಿ ಪುಕ್ಕಟೆ ಸಿಗುತ್ತದೆ. ಮೆಂತೆ, ಕೊತ್ತಂಬರಿ, ಗಜ್ಜರಿ, ಹಣ್ಣಾದ ಸಿಹಿಗುಂಬಳ, ಬೇಯಿಸಿದ ಗೆಣಸು ಒಳ್ಳೆಯವು. ಪಾಲಕ್ ವಾರಕ್ಕೊಮ್ಮೆ ಸಾಕು, ಅದರಲ್ಲಿನ ಆಕ್ಸಲೇಟ್ ಸುಣ್ಣವನ್ನು ಹಿಡಿದಿಡುತ್ತದೆ. ಮೆಣಸಿನಕಾಯಿ ವಿಚಾರದಲ್ಲಿ ನಮ್ಮ ಹಿರಿಯರು ಅರ್ಧ ಸರಿ. ಹಕ್ಕಿಗಳಿಗೆ ಖಾರ ತಾಗುವುದಿಲ್ಲ, ಆ ಉರಿಯನ್ನು ಗುರುತಿಸುವ ವ್ಯವಸ್ಥೆ ಅವುಗಳ ನರದಲ್ಲಿ ನಮ್ಮಂತೆ ಇಲ್ಲ. ಹಣ್ಣಾದ ಕೆಂಪು ಮೆಣಸಿನಕಾಯಿಯಲ್ಲಿ ಎ ಜೀವಸತ್ವ ಧಾರಾಳ. ಖುಷಿಯಿಂದ ಕೊಡಿ. ಖಾರ ತಿಂದರೆ ಮಾತು ಬೇಗ ಬರುತ್ತದೆ ಎನ್ನುವುದು ಮಾತ್ರ ಸುಳ್ಳು. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕ ಮೇಲೆ ಅಲ್ಲಿನ ಸದಸ್ಯರು ಎಲ್ಲದಕ್ಕೂ ತೊಗರಿ ಎನ್ನುತ್ತಾರೆ. ಹಕ್ಕಿಗೂ ಕೊಡಬಹುದು, ಚೆನ್ನಾಗಿ ಬೇಯಿಸಿ, ಉಪ್ಪಿಲ್ಲದೆ, ಅರ್ಧ ಚಮಚ. ಒಣ ಬೇಳೆಕಾಳು ಹಸಿಯಾಗಿ ಬೇಡ. ಹಣ್ಣು ಕಡಿಮೆ, ಸಕ್ಕರೆ ಜಾಸ್ತಿ ಇರುತ್ತದೆ. ಪೇರಲ, ಪಪ್ಪಾಯಿ ಒಂದೊಂದು ಚೂರು. ಸುಣ್ಣಕ್ಕೆ ಅಂಗಡಿಯಲ್ಲಿ ಸಿಗುವ ಕಟಲ್ ಬೋನ್ ಒಂದು ತುಂಡು ಪಂಜರಕ್ಕೆ ಸಿಕ್ಕಿಸಿಡಿ.

ಕೊಡಲೇಬಾರದ್ದು: ಬೆಣ್ಣೆಹಣ್ಣು ಅಂದರೆ ಅವಕಾಡೊ, ಚಾಕೊಲೇಟ್, ಚಹಾ, ಕಾಫಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಸೇಬಿನ ಬೀಜ. ಚಹಾದಲ್ಲಿ ಅದ್ದಿದ ಬ್ರೆಡ್ಡು, ಬಿಸ್ಕೀಟು ಪ್ರೀತಿಯಿಂದ ತಿನ್ನಿಸುವವರು ನಮ್ಮಲ್ಲಿ ಮನೆಗೊಬ್ಬರು. ಕೇತಕಿ ಸಂಗಮೇಶ್ವರನ ದರ್ಶನ ಮುಗಿಸಿ ಬಂದ ನೆಂಟರು ಪ್ರಸಾದದ ಸಕ್ಕರೆ, ಪೇಡೆ ಹಕ್ಕಿಯ ಬಾಯಿಗೂ ಇಡುತ್ತಾರೆ. ಬೇಡ ಎನ್ನಲು ಸಂಕೋಚವಾದರೆ ಪಂಜರವನ್ನು ಒಳಕೋಣೆಗೆ ಒಯ್ಯಿರಿ. ತಿನಿಸಲ್ಲದಿದ್ದರೂ ಇಲ್ಲೇ ಹೇಳಿಬಿಡುತ್ತೇವೆ: ನಾನ್‌ಸ್ಟಿಕ್ ಬಾಣಲೆ ಖಾಲಿ ಕಾದು ಹೊಗೆಯಾಡಿದರೆ ಆ ಹೊಗೆ ಹಕ್ಕಿಯನ್ನು ಕೆಲವೇ ನಿಮಿಷದಲ್ಲಿ ಕೊಲ್ಲುತ್ತದೆ. ಪಂಜರ ಅಡುಗೆಮನೆಯಲ್ಲಿ ಬೇಡ.

ಪೆಲೆಟ್ ಎಂಬ ತಯಾರಿ ಆಹಾರದ ಬಗ್ಗೆ ಕೇಳುತ್ತಾರೆ. ಹೈದರಾಬಾದಿನಲ್ಲಿ ಸಿಗುತ್ತದೆ, ಜೀವಸತ್ವ ಸೇರಿಸಿದ್ದು, ಒಳ್ಳೆಯದೇ. ಹಕ್ಕಿ ಡಾಕ್ಟರರು ಹೆಚ್ಚಾಗಿ ಅದನ್ನೇ ಹೇಳುತ್ತಾರೆ. ಬೆಲೆ ಹೆಚ್ಚು, ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುವುದಿಲ್ಲ. ಪಿಂಚಣಿಯಲ್ಲಿ ಬದುಕುವ ಮನೆಗೆ ಅರ್ಧ ಪಾಲು ಸಣ್ಣ ಕಾಳು ಮತ್ತು ಮೊಳಕೆ, ಉಳಿದದ್ದು ಸೊಪ್ಪು ತರಕಾರಿ, ಕೈಲಾದರೆ ಒಂದಿಷ್ಟು ಪೆಲೆಟ್, ಇದು ನಡೆಯುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪೆಲೆಟ್ಟಿಗೂ ಇದೇ ನಿಧಾನದ ದಾರಿ.

ಶುರು ಮಾಡುವ ಮೊದಲು ಒಮ್ಮೆ ಡಾಕ್ಟರರಿಗೆ ತೋರಿಸಿ. ಕಾಯಿಲೆಯ ಹಕ್ಕಿಯ ಊಟ ಬದಲಾಯಿಸಬಾರದು. ನಮ್ಮ ಮಂಡಲದ ಪಶು ಆಸ್ಪತ್ರೆಗಳಲ್ಲಿ ಎಮ್ಮೆ, ಆಡು, ಕುರಿಯ ಕೆಲಸವೇ ಮುಗಿಯುವುದಿಲ್ಲ, ಹಕ್ಕಿಗೆ ಬಿಡುವು ಸಿಗುವುದು ಕಷ್ಟ. ಬೀದರಿನ ನಂದಿನಗರದಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಲೇಜು ಇದೆ. ಹೈದರಾಬಾದಿಗಿಂತ ನಮಗೆ ಅದೇ ಹತ್ತಿರ, ಭಾಷೆಯೂ ನಮ್ಮದೇ. ಹೋಗುವ ಮೊದಲು ವಿಚಾರಿಸಿಕೊಂಡು ಹೋಗಿ.

ಅವ್ವನವರ ಹಕ್ಕಿ ಹನ್ನೊಂದನೆಯ ವಾರಕ್ಕೆ 109 ಗ್ರಾಂ. ದಿನಕ್ಕೆ ನಾಲ್ಕು ಸೂರ್ಯಕಾಂತಿ ಬೀಜ ಸಂಜೆ ಕೈಯಿಂದ. ಮೆಂತೆ, ನುಗ್ಗೆ, ಕೆಂಪು ಮೆಣಸಿನಕಾಯಿ ತಿನ್ನುತ್ತದೆ. ಗಜ್ಜರಿ ತುರಿದರೆ ತಿನ್ನುತ್ತದೆ, ತುಂಡು ಮಾಡಿದರೆ ಎಸೆಯುತ್ತದೆ. ಪಪ್ಪಾಯಿಯನ್ನು ಇವತ್ತಿಗೂ ಮುಟ್ಟಿಲ್ಲ. ಇರಲಿ ಬಿಡಿ, ನಮ್ಮಲ್ಲೂ ಬದನೆಕಾಯಿ ಮುಟ್ಟದವರಿದ್ದಾರೆ.

ಸದಸ್ಯರ ಗಮನಕ್ಕೆ: ಒಂದು ಗ್ರಾಂ ತೋರಿಸುವ ತಕ್ಕಡಿಯನ್ನು ಸಂಘದಿಂದ ಕೊಂಡಿದ್ದೇವೆ. ಬೇಕಾದವರು ಸಂಘದ ಕಚೇರಿಯಲ್ಲಿ ಸಹಿ ಮಾಡಿ ಮೂರು ತಿಂಗಳಿಗೆ ಒಯ್ಯಬಹುದು. ಗೀಟು ಹಾಕಿದ ತೂಕದ ಪುಸ್ತಕದ ಮಾದರಿಯೂ ಅಲ್ಲೇ ಇದೆ. ಔಷಧ ಹೊಡೆಯದ ನವಣೆ ತೆನೆ ಬೆಳೆದಿರುವ ರೈತ ಸದಸ್ಯರು ಸುಗ್ಗಿಯಲ್ಲಿ ನಾಲ್ಕು ಸಿವುಡು ತೆನೆ ಹಾಗೇ ಉಳಿಸಿಟ್ಟು ಕಚೇರಿಗೆ ತಿಳಿಸಿದರೆ, ಹಕ್ಕಿ ಸಾಕಿದವರ ಹೆಸರು ಕೊಡುತ್ತೇವೆ. ಬೆಲೆ ನೀವು ನೀವೇ ಮಾತಾಡಿಕೊಳ್ಳಿ.

ಕಾರ್ಯದರ್ಶಿ